ಕಿರಿಯರ ಓದು ಮತ್ತು ಕಥಾಪ್ರಕಾರಗಳ ತಿಳಿವು: ಅಂದೋಲಾ ಪರಿಸರದ ನೆಲೆಯಿಂದ

ಕಥೆಯನ್ನು ಓದುವುದು ಬೇರೆ. ಅದು ಯಾವ ಬಗೆಯ ಕಥೆಯೆಂದು ಅರಿತು ಓದುವುದು ಬೇರೆ. ಪ್ರಾಥಮಿಕ ಹಂತದ ಕನ್ನಡ ಬೋಧನೆಯಲ್ಲಿ ಮೊದಲನೆಯದಕ್ಕೆ ಸಂದಷ್ಟು ಗಮನ ಎರಡನೆಯದಕ್ಕೆ ಸಂದಿಲ್ಲ. ಸಂದಿರುವಲ್ಲಿಯೂ ಅದು ವ್ಯಾಖ್ಯೆಗಳ ಬಾಯಿಪಾಠವಾಗಿ ಪರಿಣಮಿಸಿರುವುದೇ ಹೆಚ್ಚು. ಪಾಠ ಯಾವುದೇ ಇರಲಿ, ಕೊನೆಗೆ ಮಗುವಿನ ಮುಂದೆ ನಿಲ್ಲುವುದು 'ಈ ಕಥೆಯ ನೀತಿ ಏನು?' ಎಂಬ ಒಂದೇ ಪ್ರಶ್ನೆ. ಎಲ್ಲ ಕಥೆಗಳನ್ನೂ ನೀತಿಕಥೆಯ ಅಚ್ಚಿನಲ್ಲಿ ಎರಕಹೊಯ್ಯುವ ಈ ರೂಢಿಯನ್ನು ಮರುಪರಿಶೀಲಿಸುವ ಅಗತ್ಯವಿದೆ.

ಈ ಪ್ರಶ್ನೆಗೆ ಕನ್ನಡದಲ್ಲಿ ದೀರ್ಘ ಪರಂಪರೆಯಿದೆ ಎಂಬುದು ನಿಜ. 11ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದ ದುರ್ಗಸಿಂಹನು ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಅಲ್ಲಿ ಪ್ರಾಣಿಗಳು ಮಾತನಾಡುವುದೇ ನೀತಿಯನ್ನು ತಿಳಿಸುವುದಕ್ಕಾಗಿ. ಆದ್ದರಿಂದ ಆ ಪ್ರಶ್ನೆ ಅಲ್ಲಿ ಸಾಧುವಾದುದು. ಆದರೆ ಅದನ್ನೇ ಒಂದು ಅಜ್ಜಿಕಥೆಗೆ, ಒಂದು ಐತಿಹ್ಯಕ್ಕೆ, ಒಂದು ವೈಜ್ಞಾನಿಕ ಕಥೆಗೆ ಕೇಳಿದಾಗ ಕಥೆಯ ಸ್ವರೂಪವೇ ಕಣ್ಮರೆಯಾಗುತ್ತದೆ.

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲೂಕಿನ ಅಂದೋಲಾದಂತಹ ಊರಿನ ನೆಲೆಯಿಂದ ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಈ ಭಾಗದ ಮಗು ಶಾಲೆಗೆ ಬರುವ ಮುನ್ನವೇ ಎರಡು ಬಗೆಯ ಕಥನಗಳನ್ನು ಕೇಳಿರುತ್ತದೆ. ಒಂದು, 'ಒಂದೂರಾಗ ಒಬ್ಬ ರಾಜ ಇದ್ದ' ಎಂದು ತೊಡಗುವ ಮನೆಯ ಕಥೆ. ಅಲ್ಲಿ ಊರಿಗೂ ಹೆಸರಿಲ್ಲ, ರಾಜನಿಗೂ ಹೆಸರಿಲ್ಲ. ಇನ್ನೊಂದು, ಊರು ಮತ್ತು ವ್ಯಕ್ತಿಯ ಹೆಸರುಗಳ ಸಮೇತ ಹೇಳುವ ಕಥನ. ಇದೇ ಜಿಲ್ಲೆಯ ಅರಳಗುಂಡಗಿಯಲ್ಲಿ 18ನೆಯ ಶತಮಾನದಲ್ಲಿ ಜನಿಸಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರು ಹೊಲದ ಬೆಳೆಯನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟರೆಂಬ ಕಥನ ಈ ಬಗೆಯದು. 1422ರಲ್ಲಿ ಕಾಲವಾದ ಖಾಜಾ ಬಂದೇನವಾಜರನ್ನು ಕುರಿತ ಕಥನಗಳೂ ಇಂಥವೇ.

ಎ. ಕೆ. ರಾಮಾನುಜನ್ ಅವರು ಕನ್ನಡ ಜಾನಪದದ ಎರಡು ವಲಯಗಳನ್ನು ಕುರಿತು 1986ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮನೆಯೊಳಗಿನ ಕಥೆಗಳ ಪಾತ್ರಗಳು ಅನಾಮಿಕವಾಗಿರುವುದನ್ನು ಗುರುತಿಸಿದ್ದಾರೆ. ವಿಲಿಯಂ ಬ್ಯಾಸ್ಕಮ್ 1965ರಲ್ಲಿ ಪುರಾಣ, ಐತಿಹ್ಯ, ಜನಪದ ಕಥೆಗಳನ್ನು ಬೇರ್ಪಡಿಸಲು ಹೇಳುವವರ ಮತ್ತು ಕೇಳುವವರ ನಂಬಿಕೆ, ಕಥೆಯ ಕಾಲ, ಸ್ಥಳ ಮೊದಲಾದವನ್ನು ಆಧಾರವಾಗಿಟ್ಟುಕೊಂಡನು. ವಿದ್ವಾಂಸರು ಪರಿಭಾಷೆಯಲ್ಲಿ ಹೇಳಿದ ಈ ಭೇದವನ್ನು ಮಗು ಕೇಳ್ಮೆಯಿಂದಲೇ ಅರಿತಿರುತ್ತದೆ. ಅದಕ್ಕೆ ಇಲ್ಲದಿರುವುದು ಹೆಸರು ಮಾತ್ರ.

ಇದು ಕೇವಲ ವರ್ಗೀಕರಣದ ಪ್ರಶ್ನೆಯಲ್ಲ. ಸಮುದಾಯವೊಂದು ನಂಬಿ ಹೇಳುವ ಐತಿಹ್ಯವನ್ನು ಕಟ್ಟುಕಥೆಯೆಂದು ತಳ್ಳಿಹಾಕಿದರೆ ಆ ಸಮುದಾಯದ ಮಗುವಿಗೆ ತರಗತಿ ಪರಕೀಯವಾಗುತ್ತದೆ. ಅದನ್ನೇ ಚರಿತ್ರೆಯೆಂದು ಕಲಿಸಿದರೆ ಆಧಾರವನ್ನು ಕೇಳುವ ಬುದ್ಧಿಯೇ ಮಂಕಾಗುತ್ತದೆ. 'ಇದು ಐತಿಹ್ಯ, ಜನರು ನಂಬಿ ಹೇಳುತ್ತಾ ಬಂದುದು' ಎಂಬ ಮೂರನೆಯ ದಾರಿ ತೆರೆದುಕೊಳ್ಳುವುದು ಪ್ರಕಾರದ ತಿಳಿವಿನಿಂದಲೇ. ಕನ್ನಡ, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂಡುವ ಈ ಪ್ರದೇಶದಲ್ಲಿ ಈ ವಿವೇಕದ ಬೆಲೆ ಹೆಚ್ಚಿನದು.

ಎಳೆಯ ಮಕ್ಕಳಿಗೆ ಪ್ರಕಾರದ ಚರ್ಚೆ ಹೊರೆಯೆಂದೂ, ಅದು ಕಥೆಯ ಸವಿಯನ್ನು ಕೆಡಿಸುತ್ತದೆಂದೂ ಆಕ್ಷೇಪವೆತ್ತಬಹುದು. ಲಕ್ಷಣಗಳನ್ನು ಮೊದಲು ಕೊಟ್ಟು ಉದಾಹರಣೆಗಳನ್ನು ಆಮೇಲೆ ತಂದರೆ ಆಕ್ಷೇಪ ಸರಿಯೇ. ಕ್ರಮವನ್ನು ತಿರುಗಿಸಬೇಕು. ಈ ಕಥೆಯಲ್ಲಿ ಊರಿಗೆ ಹೆಸರಿದೆಯೇ? ಹೇಳುವವರು ಇದನ್ನು ನಡೆದದ್ದೆಂದು ನಂಬುತ್ತಾರೆಯೇ? ಇಲ್ಲಿ ನಡೆಯುವ ಸೋಜಿಗಕ್ಕೆ ಕಾರಣ ಮಂತ್ರವೋ, ಯಂತ್ರವೋ? ನಮ್ಮ ಓಣಿಯಲ್ಲಿ ಇದು ನಡೆಯಬಹುದೇ? ಈ ನಾಲ್ಕು ಪ್ರಶ್ನೆಗಳು ಅಜ್ಜಿಕಥೆ, ಐತಿಹ್ಯ, ವೈಜ್ಞಾನಿಕ ಕಥೆ, ವಾಸ್ತವ ಕಥೆಗಳನ್ನು ಬಿಡಿಸಿ ತೋರಿಸಲು ಸಾಕು. ನೀತಿಯ ಪ್ರಶ್ನೆ ಐದನೆಯದಾಗಿ ಉಳಿಯಲಿ. ಉತ್ತರವಿರುವ ಕಥೆಗಳಿಗೆ ಮಾತ್ರ ಅದನ್ನು ಕೇಳಲಿ.

ಪ್ರಕಾರಗಳು ಬೆರೆಯುವ ಕೃತಿಗಳೂ ಉಂಟು. 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ' ನಿಜವಾದ ಜೀವನವನ್ನು ಕಥೆಯ ರೂಪದಲ್ಲಿ ಮಕ್ಕಳ ಮುಂದಿಡುತ್ತದೆ. ಇಂತಹ ಕೃತಿಯನ್ನು ಓದುವಾಗ ಯಾವುದು ನಡೆದದ್ದು, ಯಾವುದು ಹೇಳಿದ ಬಗೆ ಎಂದು ವಿಚಾರಿಸುವುದೇ ಒಳ್ಳೆಯ ಪಾಠವಾಗುತ್ತದೆ.

ಕನ್ನಡ ವಿಭಾಗಗಳು ದಶಕಗಳಿಂದ ಜನಪದ ಕಥೆಗಳನ್ನು ಸಂಗ್ರಹಿಸಿ ವರ್ಗೀಕರಿಸುತ್ತ ಬಂದಿವೆ. ಆ ದುಡಿಮೆಯ ಫಲ ಪ್ರಬಂಧಗಳಲ್ಲಿಯೇ ಉಳಿಯದೆ ನಾಲ್ಕನೆಯ, ಐದನೆಯ ತರಗತಿಯ ಶಿಕ್ಷಕರ ಕೈಗೂ ತಲುಪಬೇಕು. ಸಂಗ್ರಹಕಾರ್ಯಕ್ಕೆ ಹಳ್ಳಿಯಿಂದ ಪಡೆದುದನ್ನು ಹಳ್ಳಿಯ ಶಾಲೆಗೆ ಮರಳಿಸುವುದು ಸಂಶೋಧನೆಯ ಹೊಣೆಗಾರಿಕೆಯ ಭಾಗವೇ ಆಗಿದೆ.