‘ಸೆಲ್ಫ್’ ಕಲಿಸಲು ‘ತನ್ನ’ ಸಾಲದೇ?

ಪೈಥಾನ್ ಭಾಷೆಯ ಅಭ್ಯಾಸ ಪಾಠಗಳಲ್ಲಿ ಕ್ಲಾಸ್ ಮತ್ತು ಆಬ್ಜೆಕ್ಟ್ ಘಟಕ ಬಂದಾಗ ಒಂದು ಪ್ರಶ್ನೆ ಏಳುತ್ತದೆ: ‘ಸರ್, ಈ ಸೆಲ್ಫ್ ಯಾಕೆ?’ ಪ್ರಶಿಕ್ಷಣಾರ್ಥಿ ಕೊಡುವ ಉತ್ತರ ಸಾಮಾನ್ಯವಾಗಿ ಮೂರರಲ್ಲಿ ಒಂದು. ‘ಅದು ಸಿಂಟ್ಯಾಕ್ಸ್, ಹಾಗೇ ಬರೆಯಬೇಕು’ ಎಂಬುದು ಮೊದಲನೆಯದು. ‘ಸೆಲ್ಫ್ ಅಂದರೆ ಕರೆಂಟ್ ಆಬ್ಜೆಕ್ಟ್’ ಎಂಬುದು ಎರಡನೆಯದು. ‘ಸೆಲ್ಫ್ ಅಂದರೆ ನಾನು’ ಎಂಬುದು ಮೂರನೆಯದು. ಕಂಪ್ಯೂಟರ್ ವಿಜ್ಞಾನದ ಬೋಧನಾ ವಿಧಾನವನ್ನು ಕಲಿಸುತ್ತ, ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಇಂಥ ಪಾಠಗಳನ್ನು ವೀಕ್ಷಿಸುತ್ತ ಬಂದಿರುವ ನನ್ನ ಅಭಿಪ್ರಾಯ ಇಷ್ಟು: ಈ ಮೂರೂ ಉತ್ತರಗಳನ್ನು ಬಿಡಬೇಕು, ನಮ್ಮ ಮಕ್ಕಳ ಬಾಯಲ್ಲಿ ಈಗಾಗಲೇ ಇರುವ ‘ತಾನು’, ‘ತನ್ನ’ ಎಂಬ ಪದಗಳಿಂದ ಪಾಠವನ್ನು ಆರಂಭಿಸಬೇಕು.

ಮೊದಲನೆಯ ಉತ್ತರ ಪ್ರಶ್ನೆಯನ್ನೇ ಮುಚ್ಚಿಬಿಡುತ್ತದೆ. ಅದನ್ನು ಕೇಳಿದ ವಿದ್ಯಾರ್ಥಿ ಉಳಿದ ಸಾಲುಗಳನ್ನೂ ಅರ್ಥ ತಿಳಿಯದ ಮಂತ್ರದಂತೆ ಟೈಪ್ ಮಾಡಲು ಕಲಿಯುತ್ತಾನೆ. ದೋಷದ ಸಂದೇಶ ಬಂದ ದಿನ ಅವನ ಬಳಿ ಯೋಚಿಸಲು ಏನೂ ಇರುವುದಿಲ್ಲ. ಎರಡನೆಯ ಉತ್ತರ ಒಂದು ಇಂಗ್ಲಿಷ್ ಪದದ ಜಾಗದಲ್ಲಿ ಎರಡನ್ನು ಇಡುತ್ತದೆ, ಅಷ್ಟೆ. ‘ಕರೆಂಟ್’ ಎಂದರೆ ಯಾವುದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮೂರನೆಯದು ಅರ್ಥಕ್ಕೆ ಹತ್ತಿರ ಬರುತ್ತದೆ, ಆದರೆ ದಾರಿ ತಪ್ಪಿಸುತ್ತದೆ. ‘ನಾನು’ ಎಂಬುದು ಮಾತನಾಡುವವರಿಗೆ ಅಂಟಿಕೊಂಡ ಪದ. ಪ್ರೋಗ್ರಾಂ ಬರೆಯುತ್ತಿರುವ ಹುಡುಗಿಗೆ ‘ನನ್ನ ಶಿಲ್ಕು’ ಎಂದರೆ ತನ್ನದೇ ಶಿಲ್ಕು ಅನ್ನಿಸುತ್ತದೆಯೇ ಹೊರತು ಖಾತೆಯದ್ದಲ್ಲ.

ಆಬ್ಜೆಕ್ಟ್ ತನ್ನನ್ನು ತಾನು ಏನೆಂದು ಕರೆದುಕೊಳ್ಳಬೇಕು ಎಂಬ ವಿಷಯದಲ್ಲಿ ಪ್ರೋಗ್ರಾಮಿಂಗ್ ಭಾಷೆಗಳಲ್ಲೇ ಒಮ್ಮತವಿಲ್ಲ. ನಾರ್ವೆಯ ಓಸ್ಲೋದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ರೂಪಿಸಿದ ಸಿಮ್ಯುಲಾ 67 ಭಾಷೆ ‘ದಿಸ್’, ಅಂದರೆ ‘ಇದು’ ಎಂಬ ಪದವನ್ನು ಬಳಸಿತು. ಸಿ ಪ್ಲಸ್ ಪ್ಲಸ್, ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲಿ ಇಂದಿಗೂ ಅದೇ ಪದವಿದೆ. 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ ಮತ್ತು ಸಂಗಡಿಗರು ಬೆಳೆಸಿದ ಸ್ಮಾಲ್‌ಟಾಕ್ ‘ಸೆಲ್ಫ್’ ಎಂದಿತು. ರೂಬಿ, ಸ್ವಿಫ್ಟ್, ಪೈಥಾನ್ ಆ ಪದವನ್ನು ಹಿಡಿದವು. ವಿಶುವಲ್ ಬೇಸಿಕ್ ‘ಮಿ’ ಎನ್ನುತ್ತದೆ. ಐಫೆಲ್ ಭಾಷೆಯಲ್ಲಿ ಆ ಪದವೇ ‘ಕರೆಂಟ್’. ಒಂದೇ ಸಂಗತಿಗೆ ‘ಇದು’, ‘ತಾನು’, ‘ನಾನು’, ‘ಸದ್ಯದ್ದು’ ಎಂಬ ನಾಲ್ಕು ಹೆಸರು. ಹಾಗಿರುವಾಗ ಪದದ ಅರ್ಥವನ್ನು ನಿಘಂಟಿನಂತೆ ಹೇಳಿ ಮುಗಿಸುವುದರಿಂದ ಪ್ರಯೋಜನವಿಲ್ಲ. ಆ ಪದ ಮಾಡುವ ಕೆಲಸವನ್ನು ತೋರಿಸಬೇಕು.

ಆ ಕೆಲಸ ಯಾವುದು? ಪರೀಕ್ಷಾ ಕೊಠಡಿಯ ಒಂದು ಸೂಚನೆಯನ್ನು ಗಮನಿಸಿ: ‘ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ನೋಂದಣಿ ಸಂಖ್ಯೆಯನ್ನು ತನ್ನ ಉತ್ತರ ಪತ್ರಿಕೆಯ ಮೇಲೆ ಬರೆಯಬೇಕು.’ ಹಲಗೆಯ ಮೇಲೆ ಇದನ್ನು ಬರೆಯುವುದು ಒಂದೇ ಸಲ. ಕೊಠಡಿಯಲ್ಲಿರುವವರು 24 ಮಂದಿ. ಯಾರ ಹೆಸರೂ ಅದರಲ್ಲಿಲ್ಲ, ಆದರೂ ಯಾರೂ ಪಕ್ಕದವರ ಸಂಖ್ಯೆಯನ್ನು ಬರೆಯುವುದಿಲ್ಲ. ‘ತನ್ನ’ ಎಂಬ ಪದ ಪ್ರತಿಯೊಬ್ಬರ ಮಟ್ಟಿಗೂ ಬೇರೆ ವ್ಯಕ್ತಿಯನ್ನು ಹಿಡಿದುಕೊಳ್ಳುತ್ತದೆ. ಕ್ಲಾಸ್ ಎಂಬುದು ಹಲಗೆಯ ಮೇಲಿನ ಆ ಸೂಚನೆ. ಆಬ್ಜೆಕ್ಟ್‌ಗಳು ಕುಳಿತಿರುವ 24 ಮಂದಿ. ಸೆಲ್ಫ್ ಎಂಬುದು ಆ ‘ತನ್ನ’. ಇದೇ ಸೂಚನೆಯನ್ನು ‘ನನ್ನ’ ಎಂದು ಬರೆದರೆ ಅದು ಮೇಲ್ವಿಚಾರಕರ ಸಂಖ್ಯೆಯಾಗುತ್ತದೆ. ‘ಇದರ’ ಎಂದರೆ ಬೆರಳು ತೋರಿಸಲು ಯಾರಾದರೂ ಬೇಕಾಗುತ್ತದೆ.

ಇನ್ನೊಂದು ಅನುಕೂಲವೂ ಇದೆ. ಖಾತೆಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟಿದ್ದೇವಲ್ಲ, ಕ್ಲಾಸಿನ ಒಳಗೂ ಆ ವೇರಿಯಬಲ್‌ನ ಹೆಸರನ್ನೇ ಬರೆದರೆ ಆಗದೇ ಎಂದು ಜಾಣ ವಿದ್ಯಾರ್ಥಿಗಳು ಕೇಳುತ್ತಾರೆ. ಮನೆಯಲ್ಲಿ ಪುಟ್ಟಿ ಎಂದೂ ಹಾಜರಿ ಪುಸ್ತಕದಲ್ಲಿ ಸುಮಂಗಲಾ ಎಂದೂ ಕರೆಸಿಕೊಳ್ಳುವ ಹುಡುಗಿಯನ್ನು ಯಾವ ಹೆಸರಿನಿಂದ ಕೂಗಿದರೂ ‘ತನ್ನ ಚೀಲ’ ಎಂದರೆ ಅದೇ ಚೀಲ. ಒಂದೇ ಆಬ್ಜೆಕ್ಟ್‌ಗೆ ಎರಡು ವೇರಿಯಬಲ್ ಹೆಸರುಗಳಿರಬಹುದು, ಹೆಸರೇ ಇಲ್ಲದೆ ಅದು ಒಂದು ಲಿಸ್ಟಿನೊಳಗೆ ಕುಳಿತಿರಬಹುದು. ಕ್ಲಾಸ್ ಬರೆಯುವಾಗ ಆ ಹೆಸರುಗಳು ಇನ್ನೂ ಹುಟ್ಟಿರುವುದಿಲ್ಲ. ಸೆಲ್ಫ್ ಹಿಡಿಯುವುದು ಹೆಸರನ್ನಲ್ಲ, ಆಬ್ಜೆಕ್ಟನ್ನೇ.

ಪಾಠವನ್ನು ಹೀಗೆ ನಡೆಸಬಹುದು. ನಾಲ್ವರು ವಿದ್ಯಾರ್ಥಿಗಳನ್ನು ಮುಂದೆ ಕರೆದು, ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಡಿ. ಅದರಲ್ಲಿ ಶಿಲ್ಕು 1000, 200, 0, 750 ಎಂದು ಬೇರೆ ಬೇರೆ ಇರಲಿ. ಹಲಗೆಯ ಮೇಲೆ ‘ಜಮಾ: ತನ್ನ ಶಿಲ್ಕಿಗೆ ಮೊತ್ತವನ್ನು ಕೂಡಿಸಬೇಕು’ ಎಂದು ಬರೆಯಿರಿ. ‘ಸುಮಾ, ಜಮಾ, 500’ ಎಂದು ಕೂಗಿ. ಸುಮಾ ಮಾತ್ರ ಚೀಟಿಯನ್ನು ತಿದ್ದುತ್ತಾಳೆ. ಬಳಿಕ ಇನ್ನೊಬ್ಬರನ್ನು ಕೂಗಿ. ಕೊನೆಗೆ ಹೆಸರನ್ನು ಬಿಟ್ಟು ‘ಜಮಾ, 500’ ಎಂದಷ್ಟೇ ಹೇಳಿ ಸುಮ್ಮನಾಗಿ. ನಾಲ್ವರೂ ಮುಖ ಮುಖ ನೋಡಿಕೊಳ್ಳುತ್ತಾರೆ, ಯಾರಾದರೂ ‘ಯಾರು ಸರ್?’ ಎಂದು ಕೇಳುತ್ತಾರೆ. ಸೆಲ್ಫ್ ಇರುವುದು ಆ ಪ್ರಶ್ನೆಗೆ ಉತ್ತರವಾಗಿ. ಆ ಪ್ರಶ್ನೆ ಮಕ್ಕಳಿಂದ ಬರುವವರೆಗೂ ಸೆಲ್ಫ್ ಎಂಬ ಪದವನ್ನು ಹಲಗೆಯ ಮೇಲೆ ಬರೆಯಬೇಡಿ.

ಇದಾದ ಮೇಲೆ ಕಂಪ್ಯೂಟರಿಗೆ ಹೋದರೆ ಪೈಥಾನ್‌ನ ಬಿಗುಮಾನ ಸಡಿಲವಾಗುತ್ತದೆ. ‘ಸುಮಾ.ಜಮಾ(500)’ ಎಂದು ಬರೆದಾಗ ಪೈಥಾನ್ ಒಳಗೆ ನಡೆಸುವುದು ‘ಖಾತೆ.ಜಮಾ(ಸುಮಾ, 500)’ ಎಂಬ ಕರೆಯನ್ನೇ. ಚುಕ್ಕೆಯ ಎಡಕ್ಕಿರುವ ಆಬ್ಜೆಕ್ಟ್ ಮೊದಲನೆಯ ಆರ್ಗ್ಯುಮೆಂಟ್ ಆಗಿ ಒಳಗೆ ಹೋಗುತ್ತದೆ. ವಿದ್ಯಾರ್ಥಿ ಸೆಲ್ಫ್ ಬರೆಯಲು ಮರೆತರೆ, ‘ಒಂದು ಆರ್ಗ್ಯುಮೆಂಟ್ ತೆಗೆದುಕೊಳ್ಳುತ್ತದೆ, ಎರಡು ಕೊಡಲಾಗಿದೆ’ ಎಂಬರ್ಥದ ದೋಷ ಬರುತ್ತದೆ. ‘ನಾನು 500 ಒಂದನ್ನೇ ಕೊಟ್ಟೆನಲ್ಲ, ಎರಡು ಎಲ್ಲಿಂದ ಬಂತು?’ ಎಂದು ವಿದ್ಯಾರ್ಥಿ ತಲೆ ಕೆರೆದುಕೊಳ್ಳುತ್ತಾನೆ. ಚೀಟಿಯ ಆಟ ಆಡಿದವನಿಗೆ ಉತ್ತರ ಹೊಳೆಯುತ್ತದೆ: ಎರಡನೆಯದು ಸುಮಾಳೇ. ಜಾವಾದಲ್ಲಿ ಈ ಆರ್ಗ್ಯುಮೆಂಟ್ ಕಣ್ಣಿಗೆ ಬೀಳುವುದಿಲ್ಲ. ಆದರೆ ಕನ್‌ಸ್ಟ್ರಕ್ಟರ್‌ನಲ್ಲಿ ಪ್ಯಾರಾಮೀಟರಿನ ಹೆಸರೂ ಫೀಲ್ಡಿನ ಹೆಸರೂ ಒಂದೇ ಆಗಿ, ‘ಹೆಸರು = ಹೆಸರು’ ಎಂದು ಬರೆದರೆ ಪ್ಯಾರಾಮೀಟರ್ ತನಗೇ ತಾನು ಜಮೆಯಾಗಿ ಫೀಲ್ಡ್ ಖಾಲಿ ಉಳಿಯುತ್ತದೆ. ಅಲ್ಲಿಯೂ ಬೇಕಾದದ್ದು ‘ತನ್ನ ಹೆಸರು = ಹೆಸರು’.

ಪೈಥಾನ್‌ನಲ್ಲಿ ಸೆಲ್ಫ್ ಎಂಬುದು ಕಾಯ್ದಿರಿಸಿದ ಪದವೇ ಅಲ್ಲ, ರೂಢಿಯ ಹೆಸರು ಮಾತ್ರ. 2008ರಲ್ಲಿ ಬಂದ ಪೈಥಾನ್ 3ರಿಂದೀಚೆಗೆ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲೂ ಕೊಡಬಹುದು. ಕ್ಲಾಸ್, ಡೆಫ್ ಮೊದಲಾದ ಕಾಯ್ದಿರಿಸಿದ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲೇ ಇಟ್ಟು, ಸೆಲ್ಫ್ ಇರುವ ಜಾಗದಲ್ಲಿ ‘ತಾನು’ ಎಂದು ಬರೆದು ‘ತಾನು.ಶಿಲ್ಕು = ತಾನು.ಶಿಲ್ಕು + ಮೊತ್ತ’ ಎಂದರೆ ಪ್ರೋಗ್ರಾಂ ಓಡುತ್ತದೆ. ಒಂದು ಅವಧಿಯ ಮಟ್ಟಿಗೆ ಹೀಗೆ ಓಡಿಸಿ ತೋರಿಸಿ ಎನ್ನುತ್ತೇನೆ. ಕನ್ನಡ ಮಾಧ್ಯಮದಿಂದ ಬಂದು ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತ ವಿದ್ಯಾರ್ಥಿಗೆ ಆ ಸಾಲು ಓದಲು ಬರುತ್ತದೆ, ಓದಿದ್ದು ಅರ್ಥವಾಗುತ್ತದೆ. ಮುಂದಿನ ಅವಧಿಯಲ್ಲಿ ‘ತಾನು’ ತೆಗೆದು ಸೆಲ್ಫ್ ಹಾಕಿಸಿ. ಪೈಥಾನ್ ಬರವಣಿಗೆಯ ಶೈಲಿ ಸೂಚಿ ಸೆಲ್ಫ್ ಎಂದೇ ಬರೆಯಬೇಕೆನ್ನುತ್ತದೆ, ಇತರರು ನಮ್ಮ ಪ್ರೋಗ್ರಾಂ ಓದಬೇಕಾದರೆ ಆ ರೂಢಿ ಬೇಕು.

ಈ ಹೋಲಿಕೆಗೆ ಒಂದು ಮಿತಿ ಇದೆ, ಅದನ್ನು ಪಾಠಯೋಜನೆಯಲ್ಲೇ ಗುರುತಿಸಿಕೊಳ್ಳಬೇಕು. ‘ರಮೇಶ ಸುಮಾಳಿಂದ ತನ್ನ ಹೆಸರನ್ನು ಬರೆಸಿದ’ ಎಂಬ ವಾಕ್ಯದಲ್ಲಿ ‘ತನ್ನ’ ಹೋಗುವುದು ರಮೇಶನಿಗೆ. ಪ್ರೋಗ್ರಾಂನಲ್ಲಿ ರಮೇಶ ಎಂಬ ಆಬ್ಜೆಕ್ಟ್ ‘ಸುಮಾ.ಬರೆ()’ ಎಂದು ಕರೆದರೆ, ಆ ಮೆಥಡ್‌ನೊಳಗಿನ ಸೆಲ್ಫ್ ಸುಮಾ. ಕೆಲಸ ಹೇಳಿದವರು ಸೆಲ್ಫ್ ಅಲ್ಲ, ಕೆಲಸ ಮಾಡುತ್ತಿರುವವರು ಸೆಲ್ಫ್. ಈ ವಾಕ್ಯವನ್ನು ಒಂದು ಉದಾಹರಣೆಯೊಂದಿಗೆ ಹೇಳಲು 5 ನಿಮಿಷ ಮೀಸಲಿಡಿ. ಜಾವಾಸ್ಕ್ರಿಪ್ಟ್‌ನ ‘ದಿಸ್’ ಕರೆಯುವ ರೀತಿಗೆ ತಕ್ಕಂತೆ ಬದಲಾಗುವುದರಿಂದ ಅದನ್ನು ಈ ಹಂತದಲ್ಲಿ ತರಬೇಡಿ.

‘ಪರೀಕ್ಷೆಯಲ್ಲಿ ಇಂಗ್ಲಿಷ್ ವ್ಯಾಖ್ಯೆ ಕೇಳುತ್ತಾರೆ, ಇದಕ್ಕೆಲ್ಲ ಸಮಯ ಎಲ್ಲಿದೆ?’ ಎಂಬ ಆಕ್ಷೇಪ ನನಗೆ ಗೊತ್ತು. ವ್ಯಾಖ್ಯೆಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ, ಕೊನೆಗೆ ಕೊಡಿ ಎನ್ನುತ್ತೇನೆ. ಅರ್ಥವಾದ ಮೇಲೆ ಬರೆದುಕೊಂಡ ಎರಡು ಸಾಲು ನೆನಪಿನಲ್ಲಿ ಉಳಿಯುತ್ತದೆ. ಚೀಟಿಯ ಆಟಕ್ಕೆ ಬೇಕಾಗುವುದು 10 ನಿಮಿಷ.

ಪಾಠ ವೀಕ್ಷಿಸುವ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಈ ಘಟಕದ ಪಾಠಕ್ಕೆ ಅಂಕ ಕೊಡುವಾಗ ಪ್ರೋಗ್ರಾಂ ದೋಷವಿಲ್ಲದೆ ಓಡಿತೇ ಎಂಬುದನ್ನಷ್ಟೇ ನೋಡಬೇಡಿ. ಒಂದು ಮೆಥಡ್‌ನ ಸಾಲನ್ನು ತೋರಿಸಿ ‘ಇಲ್ಲಿ ತನ್ನ ಅಂದರೆ ಯಾರ?’ ಎಂದು ಯಾರಾದರೂ ಒಬ್ಬ ವಿದ್ಯಾರ್ಥಿಯನ್ನು ಕೇಳಿ. ‘ಯಾರನ್ನು ಕರೆಯುತ್ತೇವೋ ಅವರದ್ದು’ ಎಂಬ ಉತ್ತರ ಬಂದರೆ ಪ್ರಶಿಕ್ಷಣಾರ್ಥಿಯ ಪಾಠ ಮುಟ್ಟಿದೆ ಎಂದು ಬರೆಯಿರಿ. ಬರದಿದ್ದರೆ ಮರುಪಾಠಕ್ಕೆ ಸೂಚಿಸಿ.