ಸಂಬಳ ಇಲ್ಲದ "ಟ್ರೈನಿಂಗ್"ಗೆ ನಮ್ಮ ಅಡಿಕೆ ಯಾಕೆ ಹೋಗಬೇಕು?

ಮಳೆ ಎರಡು ದಿನ ಬಿಟ್ಟಿತ್ತು. ಅಡಿಕೆಗೆ ಎರಡನೇ ಸಲದ ಮದ್ದು ಬಿಟ್ಟು ಮುಗಿಸಿದೆವು. ಮದ್ದು ಬಿಡುವವನ ಜೊತೆ ಈ ಸಲ ಒಬ್ಬ ಹೊಸ ಹುಡುಗ ಬಂದಿದ್ದ. ಮರ ಹತ್ತಲು ಇನ್ನೂ ಕಲಿಯುತ್ತಾ ಇದ್ದಾನೆ. ಕೆಳಗೆ ಪೈಪು ಹಿಡಿಯುವುದು, ಸುಣ್ಣ, ಮೈಲುತುತ್ತು ಕಲಸುವುದು ಅವನ ಕೆಲಸ. ಸಂಜೆ ಅವನಿಗೂ ಸಂಬಳ ಕೊಟ್ಟೆ. ಹತ್ತುವವನಿಗಿಂತ ಕಡಿಮೆ, ಆದ್ರೆ ಕೊಟ್ಟೆ. "ನೀನು ಕಲಿಯುವವ, ಆರು ತಿಂಗಳು ಪುಕ್ಕಟೆ ಬಾ" ಅಂತ ಹೇಳಿದ್ರೆ ಮರುದಿನದಿಂದ ವೇಣೂರಲ್ಲಿ ಒಬ್ಬನೂ ನನ್ನ ತೋಟಕ್ಕೆ ಕಾಲಿಡ್ಲಿಕ್ಕಿಲ್ಲ.

ಅದೇ ಮಾತನ್ನು ಪೇಟೆಯ ಒಂದು ಆಫೀಸಿನವರು ನನ್ನ ಮಗಳಿಗೆ ಹೇಳಿದರು. ಅವಳು ಬಿಕಾಂ ಮುಗಿಸಿದ್ದಾಳೆ. ಆರು ತಿಂಗಳು ಟ್ರೈನಿಂಗ್, ಸಂಬಳ ಇಲ್ಲ. 12,000 ರೂಪಾಯಿ ಡೆಪಾಸಿಟ್. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಅವರ ಕೈಗೆ. ಆಮೇಲೆ ಎರಡು ವರ್ಷ ಬಾಂಡು. "ಅಪ್ಪಾ, ನನ್ನ ಕ್ಲಾಸಿನವರು ಸುಮಾರು ಜನ ಹೀಗೇ ಸೇರಿದ್ದಾರೆ" ಅಂದಳು.

ನಾನು ಎಸ್ಸೆಸ್ಸೆಲ್ಸಿ ಓದಿದವ, ಆದ್ರೂ ಲೆಕ್ಕ ಬರ್ತದೆ. ಪೀಜಿ, ಊಟಕ್ಕೆ ತಿಂಗಳಿಗೆ 6,500. ಬಸ್ಸು, ಫೋನು ಅಂತ 1,500. ಆರು ತಿಂಗಳಿಗೆ 48,000. ಡೆಪಾಸಿಟ್ ಸೇರಿದ್ರೆ 60,000. ಚಾಲಿಗೆ ಕಿಲೋಗೆ 400 ಹಿಡಿದ್ರೂ ಒಂದೂವರೆ ಕ್ವಿಂಟಾಲ್ ಆಯ್ತು. ಅಂದ್ರೆ ಆ ಆಫೀಸಿನ ಕೆಲಸದವಳಿಗೆ ಸಂಬಳ ಕೊಡುವುದು ಯಾರು? ನಾನು. ನನ್ನ ಅಂಗಳದಲ್ಲಿ ಒಣಗಿದ ಅಡಿಕೆ!

"ಫ್ರೆಶರಿಗೆ ಎಂತದ್ದೂ ಗೊತ್ತಿರುವುದಿಲ್ಲ, ಕಲಿಸ್ಲಿಕ್ಕೆ ಖರ್ಚುಂಟು" ಅಂತ ಹೇಳ್ತಾರೆ. ಸರಿ, ಒಪ್ಪಿದೆ. ಹಾಗಾದ್ರೆ ಕಡಿಮೆ ಕೊಡಿ. ಅಡಿಕೆ ಸುಲಿಯಲು ಹೊಸದಾಗಿ ಕೂತವರು ದಿನಕ್ಕೆ ಸ್ವಲ್ಪವೇ ಸುಲಿಯುವುದು, ಸುಲಿದಷ್ಟಕ್ಕೆ ಕಿಲೋ ಲೆಕ್ಕದಲ್ಲಿ ದುಡ್ಡು ಸಿಗ್ತದೆ. ಕಡಿಮೆ ಕೊಡುವುದು ಬೇರೆ, ಕೊಡದೇ ಇರುವುದು ಬೇರೆ, ಮೇಲಿಂದ ಕೇಳುವುದು ಇನ್ನೂ ಬೇರೆ.

ಕಾನೂನೂ ಉಂಟು. ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. 2019ರಲ್ಲಿ ಡಿಗ್ರಿಯವರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಅಂತ ನಿಯಮ ಮಾಡಿದರು. ಅದಕ್ಕೆ ಒಪ್ಪಂದ ನೋಂದಣಿ ಆಗಬೇಕು. ಮಗಳು ಅಪ್ರೆಂಟಿಸ್ ಆದ್ರೆ ಸ್ಟೈಪೆಂಡ್ ಕೊಡಿ, ಕೆಲಸದವಳಾದ್ರೆ ಸಂಬಳ ಕೊಡಿ. ಎರಡೂ ಅಲ್ಲ ಅಂತಾದ್ರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅವಳಿಂದ ಬಿಲ್ ಎಂಟ್ರಿ ಮಾಡಿಸುವುದು ಯಾಕೆ?

ಮಾರ್ಕ್ಸ್‌ಕಾರ್ಡ್ ವಿಷಯ ಕೇಳಿ. ಕಾಲೇಜಿನವರೇ ಮಕ್ಕಳ ಒರಿಜಿನಲ್ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲಿ ಹೇಳಿದೆ. ಓದಿಸಿದವರಿಗೇ ಇಲ್ಲದ ಹಕ್ಕು ಇವರಿಗೆ ಎಲ್ಲಿಂದ ಬಂತು?

ಇನ್ನು ನಮ್ಮ ತಪ್ಪು. ನಮ್ಮ ಪ್ರಾಯದವರ ತಲೆಯಲ್ಲಿ ಇನ್ನೂ ಆ ಕಾಲದ ಬ್ಯಾಂಕೇ ಉಂಟು. ಈ ಜಿಲ್ಲೆಯಲ್ಲಿ ಡಿಗ್ರಿ ಆದವ ಪರೀಕ್ಷೆ ಬರೆದು ವಿಜಯಾ, ಕಾರ್ಪೊರೇಶನ್, ಸಿಂಡಿಕೇಟ್ ಸೇರ್ತಿದ್ದ, ಮೊದಲ ತಿಂಗಳಿಂದಲೇ ಸಂಬಳ. ವಿಜಯಾ 2019ರಲ್ಲಿ, ಉಳಿದೆರಡು 2020ರಲ್ಲಿ ಬೇರೆ ಬ್ಯಾಂಕಿನೊಳಗೆ ಸೇರಿ ಹೋದವು. ನಾವು ಮಾತ್ರ ಮದುವೆ ಊಟದ ಸಾಲಿನಲ್ಲಿ ಮಕ್ಕಳನ್ನು ಹಿಡಿದು "ಕೆಲಸ ಆಯ್ತಾ? ಎಲ್ಲಿ?" ಅಂತ ಕೇಳುವುದು ಬಿಡ್ಲಿಲ್ಲ. ಆ ಪ್ರಶ್ನೆಗೆ ಹೆದರಿಯೇ ಮಕ್ಕಳು ಇಂಥ ಕಡೆ ಹೋಗಿ ಕೂರುವುದು ಮಾರಾಯ್ರೆ. "ಸಂಬಳ ಇಲ್ಲದಿದ್ರೂ ಪರವಾಗಿಲ್ಲ, ಒಂದು ಆಫೀಸ್ ಅಂತ ಆಗಲಿ" ಅಂತ ನಾನೂ ಹಿಂದೆ ಬೇರೆಯವರ ಮಗನಿಗೆ ಹೇಳಿದ್ದೇನೆ. ಈಗ ನಾಚಿಕೆ ಆಗ್ತದೆ.

ಹಾಗಾಗಿ ಕೇಳಿಕೊಳ್ಳುವುದು ಇಷ್ಟೇ. ಕೆಲಸ ಕೊಡ್ತೇವೆ ಅಂತ ದುಡ್ಡು ಕೇಳಿದ್ರೆ ಎದ್ದು ಬರಲಿ. ಒರಿಜಿನಲ್ ತೋರಿಸಲಿ, ಕೊಟ್ಟು ಬರುವುದು ಬೇಡ. ಸಂಬಳ ಎಷ್ಟು, ಯಾವ ತಿಂಗಳಿಂದ ಅಂತ ಕಾಗದದಲ್ಲಿ ಕೇಳಲಿ. ಪಾಸಾಗಿ ಆರು ತಿಂಗಳಾದ್ರೂ ಕೆಲಸ ಸಿಗದಿದ್ರೆ ಯುವನಿಧಿಗೆ ಅರ್ಜಿ ಹಾಕಿಸಿ. ಡಿಗ್ರಿಗೆ 3,000, ಡಿಪ್ಲೊಮಾಕ್ಕೆ 1,500, ಹೆಚ್ಚೆಂದರೆ ಎರಡು ವರ್ಷ. ದೊಡ್ಡದಲ್ಲ, ಇಂಟರ್‌ವ್ಯೂಗೆ ಹೋಗುವ ಬಸ್ ಚಾರ್ಜಿಗಾದ್ರೂ ಆಗ್ತದೆ.

ಮಗಳು ಅಲ್ಲಿಗೆ ಹೋಗಲಿಲ್ಲ. ಇನ್ನೂ ಹುಡುಕ್ತಾ ಇದ್ದಾಳೆ. ಸದ್ಯಕ್ಕೆ ನನ್ನ ತೋಟದ ಲೆಕ್ಕ ಬರೀತಾ ಇದ್ದಾಳೆ, ಅದಕ್ಕೆ ತಿಂಗಳಿಗೆ ಇಷ್ಟು ಅಂತ ಕೊಡ್ತೇನೆ. ಮದುವೆ ಮನೆಯಲ್ಲಿ ಸಿಕ್ಕಿದ್ರೆ ಅವಳ ಹತ್ರ ಕೆಲಸದ ವಿಷಯ ಕೇಳಬೇಡಿ. ನನ್ನ ಹತ್ರ ಕೇಳಿ, ಉತ್ತರ ನಾನು ಕೊಡ್ತೇನೆ.