*ಮೆಣಸಿನ ಗಿಡಕ್ಕೆ ಬೇಕಿರುವುದು ನೆರಳು, ವಿಷವಲ್ಲ* 🌶️



ಬೇಸಿಗೆ ಬಂತೆಂದರೆ ಹೊರರಾಜ್ಯದಲ್ಲಿರುವ ನಮ್ಮವರ ಗುಂಪುಗಳಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಬಾಲ್ಕನಿಯ ಮೆಣಸಿನ ಗಿಡ ಹೂ ಬಿಟ್ಟಿತ್ತು, ಎಲ್ಲ ಉದುರಿಹೋಯಿತು. ಯಾವ ಔಷಧಿ ಹೊಡೆಯಲಿ?" ನನ್ನ ಉತ್ತರ, ಯಾವುದನ್ನೂ ಹೊಡೆಯಬೇಡಿ.

ಹೂ ಮಾತ್ರ ಉದುರುತ್ತಿದ್ದರೆ ಅದು ಸಾಮಾನ್ಯವಾಗಿ ರೋಗವಲ್ಲ, ಬಿಸಿಲಿನ ಕಾಟ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಪರಾಗ ಕೆಡುತ್ತದೆ, ಕಾಯಿ ಕಚ್ಚುವುದಿಲ್ಲ. ಹೈದರಾಬಾದ್, ದೆಹಲಿಯಲ್ಲಿ ಮೇ ತಿಂಗಳ ಹಗಲು 40 ಡಿಗ್ರಿ ಮುಟ್ಟುತ್ತದೆ. ಚೆನ್ನೈಯಲ್ಲಿ ರಾತ್ರಿಯೂ ಸೆಕೆ. ಈ ಎರಡು ತಿಂಗಳು ಗಿಡ ಉಳಿದರೆ ಸಾಕು. ಹವೆ ತಂಪಾದಾಗ ಮತ್ತೆ ಹೂ ಬಿಟ್ಟು ಕಾಯಿ ಹಿಡಿಯುತ್ತದೆ.

ವಿಷ ಏಕೆ ಬೇಡ? ಹೊಲದಲ್ಲಿ ಕೀಟನಾಶಕ ಹೊಡೆದರೆ ಕೊಯ್ಲಿಗೆ ಇಂತಿಷ್ಟು ದಿನ ಕಾಯಬೇಕೆಂಬ ನಿಯಮವಿದೆ. ನಾವು ಬೆಳಿಗ್ಗೆ ಕಿತ್ತ ಕಾಯಿಯನ್ನು ಆಗಲೇ ಕೋಸಂಬರಿಗೆ ಹಸಿಯಾಗಿ ಹೆಚ್ಚಿ ಹಾಕುತ್ತೇವೆ. ಅದೇ ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತದೆ, ಮಗು ಆಡುತ್ತದೆ, ಅಜ್ಜಿ ಕೂರುತ್ತಾರೆ. ನಾಲ್ಕು ಮೆಣಸಿನಕಾಯಿಗಾಗಿ ಮನೆಯೊಳಗೆ ವಿಷ ತರುವುದು ಯಾವ ಲೆಕ್ಕ?

*ಹೊಸಬರು ಇಷ್ಟು ಮಾಡಿ:*

✅ ಕಡು ಬೇಸಿಗೆಯಲ್ಲಿ ಬೀಜ ಬಿತ್ತುವ ಬದಲು ನರ್ಸರಿಯ ಸಸಿ ತನ್ನಿ. ಕುಂಡ 10-12 ಇಂಚಿನದಿರಲಿ, ತಳದಲ್ಲಿ ತೂತಿರಲಿ.

✅ ಬೆಳಗಿನ ಬಿಸಿಲು ಸಿಗಲಿ. ಮಧ್ಯಾಹ್ನ 12ರಿಂದ 4ರವರೆಗೆ ಹಸಿರು ಬಲೆ ಅಥವಾ ಹಳೇ ಪಂಚೆಯ ನೆರಳು ಕಟ್ಟಿ. ಕುಂಡವನ್ನು ಕಾದ ನೆಲದ ಮೇಲಿಡದೆ ಇಟ್ಟಿಗೆಯ ಮೇಲಿಡಿ.

✅ ಬೆಳಿಗ್ಗೆ ನೀರು ಹಾಕಿ. ಮಧ್ಯಾಹ್ನ ಬಾಡಿದ ಎಲೆ ಸಂಜೆಗೆ ಚೇತರಿಸಿಕೊಂಡರೆ ಗಾಬರಿ ಬೇಡ. ಬೆರಳಿನಿಂದ ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ ಮತ್ತೆ ನೀರು. ಸದಾ ಕೆಸರಾಗಿದ್ದರೆ ಬೇರು ಕೊಳೆಯುತ್ತದೆ.

✅ ಹೂ ಉದುರಿತೆಂದು ಯೂರಿಯಾ ಸುರಿಯಬೇಡಿ. ಎಲೆ ಸೊಂಪಾಗುತ್ತದೆ, ಕಾಯಿ ಬರುವುದಿಲ್ಲ. ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು.

✅ ಎಲೆ ಮುರುಟಿದರೆ ಮಾತ್ರ ಕೀಟವಿದೆಯೇ ಎಂದು ಎಲೆಯ ಕೆಳಭಾಗ ನೋಡಿ. ಮೊದಲು ಬರೀ ನೀರಿನಿಂದ ತೊಳೆಯಿರಿ. ಹೋಗದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಕಾಯಿಯನ್ನು ಚೆನ್ನಾಗಿ ತೊಳೆದೇ ಬಳಸಿ.

⚠️ ಔಷಧಿಯ ಚಿಂತೆಯಲ್ಲಿ ನಿಜವಾದ ಅಪಾಯ ಮರೆಯುತ್ತೇವೆ. ಅದು ಕುಂಡದ ಕೆಳಗಿನ ತಟ್ಟೆ. ಅಲ್ಲಿ ನಿಂತ ನೀರಿನಲ್ಲೇ ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಳೆಯುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಎರಡು ದಿನಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಿ, ಒಳಭಾಗ ತಿಕ್ಕಿ ತೊಳೆಯಿರಿ.

ಹಿರಿಯರು ಮಧ್ಯಾಹ್ನ ತಾರಸಿಗೆ ಹೋಗಿ ನೀರು ಹಾಕುವುದೂ ಬೇಡ. ಗಿಡ ಸಂಜೆಯವರೆಗೆ ತಡೆಯುತ್ತದೆ, ನಿಮ್ಮ ದೇಹಕ್ಕೆ ಆ ಬಿಸಿಲು ಒಳ್ಳೆಯದಲ್ಲ.

ಹೂ ಉದುರಿದ ಗಿಡದ ಫೋಟೋ ಕಳಿಸಿ ಔಷಧಿ ಕೇಳುವವರಿಗೆ ಇದನ್ನು ತಪ್ಪದೆ ಕಳಿಸಿ. 🌿